ಕಾಲೇಜು ಫುಟ್‌ಬಾಲ್‌ನ ದುಡ್ಡು: ಆಟಗಾರರಿಗೆ ಕೊಟ್ಟದ್ದು ಹೆಚ್ಚಾಯಿತೇ, ಕಡಿಮೆಯಾಯಿತೇ?

ಒಲೆಂಟ್ಯಾಂಜಿ ತೀರ

ಓಹಾಯೊದ ಕೊಲಂಬಸ್‌ಗೆ ಬಂದು ಹದಿನಾಲ್ಕು ವರ್ಷವಾಯಿತು. ಇಲ್ಲಿ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಶನಿವಾರ ಗೃಹಪ್ರವೇಶ ಇಟ್ಟುಕೊಳ್ಳುವವರು ಪಂಚಾಂಗಕ್ಕಿಂತ ಮೊದಲು ಅಮೆರಿಕನ್ ಫುಟ್‌ಬಾಲ್ ಪಂದ್ಯಗಳ ವೇಳಾಪಟ್ಟಿ ನೋಡುತ್ತಾರೆ. ಕಳೆದ ತಿಂಗಳು ದಾವಣಗೆರೆಯಿಂದ ಭಾವ ಬಂದಿದ್ದರು. ಓಹಾಯೊ ಸ್ಟೇಟ್ ಕ್ರೀಡಾಂಗಣದ ಹೊರಗೆ ಕೆಂಪು ಅಂಗಿ ತೊಟ್ಟ ಲಕ್ಷ ಜನರನ್ನು ನೋಡಿ, "ಇದು ಕಾಲೇಜು ಹುಡುಗರ ಆಟ ತಾನೇ? ಗಲ್ಲಾಪೆಟ್ಟಿಗೆ ಯಾರ ಹತ್ತಿರ ಇದೆ?" ಎಂದು ಕೇಳಿದರು. ನಾನು ಪಾರ್ಕಿಂಗ್‌ಗೆ ಕೊಟ್ಟ ಹಣವನ್ನು ನೆನೆದು ಸುಮ್ಮನಾದೆ.

ಹಿನ್ನೆಲೆ ಇಷ್ಟು. 2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಅವರು ಆಟಗಾರರಿಗೆ ಹಣ ಕೊಡಬಾರದೆಂಬ ನಿಯಮಗಳ ವಿರುದ್ಧದ 'ಹೌಸ್' ಮೊಕದ್ದಮೆಯ ರಾಜಿಗೆ ಒಪ್ಪಿಗೆ ಕೊಟ್ಟರು. ಜುಲೈ 1ರಿಂದ ವಿಶ್ವವಿದ್ಯಾಲಯಗಳು ತಮ್ಮ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ಮೊದಲ ವರ್ಷದ ಮಿತಿ ಒಂದು ವಿಶ್ವವಿದ್ಯಾಲಯಕ್ಕೆ ಸುಮಾರು 2.05 ಕೋಟಿ ಡಾಲರ್. ಹಿಂದೆ ಆಡಿ ಬರಿಗೈಯಲ್ಲಿ ಹೋದವರಿಗೆ ಹತ್ತು ವರ್ಷಗಳಲ್ಲಿ ಸುಮಾರು 280 ಕೋಟಿ ಡಾಲರ್ ಪರಿಹಾರ. ನಮ್ಮ ಗೆಳೆಯರ ಗುಂಪಿನಲ್ಲಿ ಅರ್ಧ ಜನ "ಆಟ ಕೆಟ್ಟಿತು" ಎನ್ನುತ್ತಾರೆ, ಇನ್ನರ್ಧ ಜನ "ಈಗಲಾದರೂ ಕೊಟ್ಟರು" ಎನ್ನುತ್ತಾರೆ. ನಾನು ಎರಡೂ ಕಡೆ ತಲೆಯಾಡಿಸಿ ಬಂದಿದ್ದೇನೆ. ನೀವೆಲ್ಲ ಏನು ಹೇಳುತ್ತೀರಿ?

ಹಳೆಯ ಮೇಷ್ಟ್ರು

ನಾನು ಕೆಟ್ಟಿತು ಎನ್ನುವ ಪಕ್ಷ. ಮೂವತ್ತು ವರ್ಷ ಪಾಠ ಮಾಡಿದವನು, ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಈ ಹುಡುಗರಿಗೆ ಶುಲ್ಕವಿಲ್ಲ, ಊಟ ವಸತಿಗೆ ಖರ್ಚಿಲ್ಲ, ಪಾಠ ಹೇಳಿಕೊಡಲು ಪ್ರತ್ಯೇಕ ಬೋಧಕರು, ಕಾಲು ಉಳುಕಿದರೆ ವೈದ್ಯರು. ನಮ್ಮವರ ಮಕ್ಕಳು ಇದೇ ಪದವಿಗೆ ಮನೆ ಅಡವಿಟ್ಟು ಸಾಲ ಮಾಡುತ್ತಾರೆ. ಇದರ ಮೇಲೂ ಸಂಬಳ ಬೇಕೆಂದರೆ ಅದನ್ನು ಕಾಲೇಜು ಎಂದು ಏಕೆ ಕರೆಯಬೇಕು?

ಜಮಾಖರ್ಚು

ಮೇಷ್ಟ್ರೇ, ಮೊದಲು ಗಲ್ಲಾಪೆಟ್ಟಿಗೆಯ ಅಳತೆ ನೋಡೋಣ.

ಬಿಗ್ ಟೆನ್ ಎಂಬ ಲೀಗ್ ಇದೆ. ಹೆಸರಿನಲ್ಲಿ ಹತ್ತು, ತಂಡಗಳು ಹದಿನೆಂಟು. ಅಲ್ಲಿಂದಲೇ ಲೆಕ್ಕ ತಪ್ಪಲು ಶುರು. ಫಾಕ್ಸ್, ಸಿಬಿಎಸ್, ಎನ್‌ಬಿಸಿ ವಾಹಿನಿಗಳಿಂದ ಆ ಲೀಗಿಗೆ ಏಳು ವರ್ಷಕ್ಕೆ 700 ಕೋಟಿ ಡಾಲರ್‌ಗೂ ಹೆಚ್ಚು ಬರುತ್ತದೆ. ಋತುವಿನ ಕೊನೆಯ ಪ್ಲೇಆಫ್ ಪಂದ್ಯಗಳಿಗೆ ಇಎಸ್‌ಪಿಎನ್ ಆರು ವರ್ಷಕ್ಕೆ 780 ಕೋಟಿ ಡಾಲರ್ ಕೊಡುತ್ತಿದೆ. ಇವೆಲ್ಲ ಹತ್ತೊಂಬತ್ತು, ಇಪ್ಪತ್ತರ ಹುಡುಗರು ಒಬ್ಬರ ಮೇಲೊಬ್ಬರು ಬೀಳುವುದನ್ನು ತೋರಿಸುವ ಹಕ್ಕಿಗೆ.

ಇನ್ನು 2.05 ಕೋಟಿ. ಆಕಾಶದಿಂದ ಬಿದ್ದ ಸಂಖ್ಯೆಯಲ್ಲ ಅದು. ದೊಡ್ಡ ಲೀಗುಗಳ ವಿಶ್ವವಿದ್ಯಾಲಯಗಳಿಗೆ ಪ್ರಸಾರ ಹಕ್ಕು, ಟಿಕೆಟ್, ಪ್ರಾಯೋಜಕತ್ವ ಮೊದಲಾದವುಗಳಿಂದ ಬರುವ ಸರಾಸರಿ ಆದಾಯದ ಶೇ 22. ವೃತ್ತಿಪರ ಎನ್‌ಎಫ್‌ಎಲ್‌ನಲ್ಲಿ ಆಟಗಾರರ ಪಾಲು ಸುಮಾರು ಶೇ 48. ಹೊಸದಾಗಿ ಕೊಡುವ ವಿದ್ಯಾರ್ಥಿವೇತನಗಳನ್ನು 25 ಲಕ್ಷ ಡಾಲರ್‌ವರೆಗೆ ಇದೇ ಮಿತಿಯೊಳಗೆ ತೋರಿಸಬೇಕು. ಅಂದರೆ ಬಲಗೈಯಿಂದ ಕೊಟ್ಟದ್ದನ್ನು ಎಡಗೈ ಸ್ವಲ್ಪ ಹಿಂದಕ್ಕೆ ಪಡೆಯುತ್ತದೆ.

ಹೆಚ್ಚಿನ ಕಡೆ ಮುಕ್ಕಾಲು ಪಾಲು ಫುಟ್‌ಬಾಲ್‌ಗೆ ಹೋಗುತ್ತಿದೆ. ತಂಡದ ಮಿತಿ 105 ಮಂದಿ. ಸಮನಾಗಿ ಹಂಚಿದರೆ ತಲೆಗೆ ಸುಮಾರು 1,46,000 ಡಾಲರ್. ಆದರೆ ಸಮನಾಗಿ ಯಾರೂ ಹಂಚುವುದಿಲ್ಲ. ತಂಡದ ದಾಳಿ ನಡೆಸುವ ಮುಖ್ಯ ಆಟಗಾರನಾದ ಕ್ವಾರ್ಟರ್‌ಬ್ಯಾಕ್ ಊಟ ಮಾಡಿ ಎದ್ದ ಮೇಲೆ ನೂರನೆಯ ಆಟಗಾರನಿಗೆ ಉಳಿಯುವುದು ಉಪ್ಪಿನಕಾಯಿ.

ಟೆಕ್ಸಾಸ್ ಬಿಸಿಲು

ಮೇಷ್ಟ್ರಿಗೆ ಸಂಬಳದ ಮೇಲೆ ಸಿಟ್ಟಿದ್ದರೆ ಕೋಚ್‌ಗಳಿಂದ ಶುರು ಮಾಡಲಿ. ನಮ್ಮ ಟೆಕ್ಸಾಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯ 2023ರ ನವೆಂಬರ್‌ನಲ್ಲಿ ಜಿಂಬೊ ಫಿಶರ್ ಅವರನ್ನು ಮನೆಗೆ ಕಳುಹಿಸಿತು. ಇನ್ನು ಕೆಲಸಕ್ಕೆ ಬರಬೇಡಿ ಎಂದು ಹೇಳುವುದಕ್ಕೆ ಒಪ್ಪಂದದ ಪ್ರಕಾರ ಬಾಕಿಯಾದದ್ದು 7.5 ಕೋಟಿ ಡಾಲರ್‌ಗೂ ಹೆಚ್ಚು! ಆಡಿಸುವುದಕ್ಕೆ ಅಲ್ಲ, ಆಡಿಸದೇ ಇರುವುದಕ್ಕೆ. 2025ರ ಅಕ್ಟೋಬರ್‌ನಲ್ಲಿ ಲೂಸಿಯಾನದ ಎಲ್‌ಎಸ್‌ಯು ಬ್ರಯನ್ ಕೆಲ್ಲಿ ಅವರನ್ನು ತೆಗೆದಾಗಲೂ ಇದೇ ಕಥೆ, ಸುಮಾರು 5.4 ಕೋಟಿ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

ಇನ್ನೊಂದು ತಮಾಷೆ ಕೇಳಿ. 2021ರಲ್ಲಿ ಫಿಶರ್ ಅವರ ಒಪ್ಪಂದ ವಿಸ್ತರಣೆಯಾದಾಗ ಇಲ್ಲಿ ಕ್ರೀಡಾ ನಿರ್ದೇಶಕರಾಗಿದ್ದ ರಾಸ್ ಬ್ಯೋರ್ಕ್ ಅವರೇ ಈಗ ಒಲೆಂಟ್ಯಾಂಜಿ ಅವರ ಊರಿನಲ್ಲಿ, ಓಹಾಯೊ ಸ್ಟೇಟ್‌ನಲ್ಲಿ ಅದೇ ಹುದ್ದೆಯಲ್ಲಿದ್ದಾರೆ.

ಒಲೆಂಟ್ಯಾಂಜಿ ತೀರ

ಅದನ್ನು ಇಲ್ಲಿ ಜೋರಾಗಿ ಹೇಳುವ ಹಾಗಿಲ್ಲ, 2025ರ ಜನವರಿಯಲ್ಲಿ ನಾವು ರಾಷ್ಟ್ರೀಯ ಚಾಂಪಿಯನ್ನರು. ಆ ತಂಡದ ಆಟಗಾರರಿಗೆ ಜಾಹೀರಾತು ಮೊದಲಾದ ಹೊರಗಿನ ಒಪ್ಪಂದಗಳಿಂದ ಸುಮಾರು 2 ಕೋಟಿ ಡಾಲರ್ ಬಂದಿತ್ತು ಎಂದು ಬ್ಯೋರ್ಕ್ ಅವರೇ ಹೇಳಿದ್ದರು. ಗೆದ್ದ ಮೇಲೆ ಕೋಚ್ ರಯಾನ್ ಡೇ ಅವರ ಸಂಬಳ ವರ್ಷಕ್ಕೆ 1.25 ಕೋಟಿ ಆಯಿತು. ಒಬ್ಬರಿಗೆ.

ಕಟಕಟೆ

ಇದರ ಬೇರು ಹಳೆಯದು. ಮೇಷ್ಟ್ರು "ವಿದ್ಯಾರ್ಥಿ" ಎಂಬ ಪದವನ್ನು ನಂಬಿ ಮಾತನಾಡುತ್ತಿದ್ದಾರೆ, ಆ ಪದ ಹುಟ್ಟಿದ ಮನೆಯನ್ನು ಒಮ್ಮೆ ನೋಡಲಿ.

1955ರಲ್ಲಿ ಕೊಲರಾಡೊದ ಫೋರ್ಟ್ ಲೂಯಿಸ್ ಎ ಆ್ಯಂಡ್ ಎಂ ಕಾಲೇಜಿನ ರೇ ಡೆನ್ನಿಸನ್ ಎಂಬ ಆಟಗಾರ ಪಂದ್ಯದಲ್ಲಿ ತಲೆಗೆ ಪೆಟ್ಟು ಬಿದ್ದು ಸತ್ತರು. ಹೆಂಡತಿ ಕಾರ್ಮಿಕ ಪರಿಹಾರ ಕೇಳಿದರು. ಆಟಗಾರ ಕೆಲಸಗಾರನೇ, ವಿದ್ಯಾರ್ಥಿಯೇ ಎಂಬುದೇ ಪ್ರಶ್ನೆ. 1957ರಲ್ಲಿ ಕೊಲರಾಡೊ ಸುಪ್ರೀಂ ಕೋರ್ಟ್ ಆಕೆಗೆ ಏನೂ ಸಿಗದು ಎಂದಿತು. ಕಾಲೇಜು ಫುಟ್‌ಬಾಲ್ ವ್ಯಾಪಾರ ಮಾಡುತ್ತಿಲ್ಲ ಎಂಬುದು ಅದರ ತರ್ಕ. ಎನ್‌ಸಿಎಎ ಎಂಬ ಕಾಲೇಜು ಕ್ರೀಡೆಗಳ ನಿಯಂತ್ರಣ ಸಂಸ್ಥೆಯ ಮೊದಲ ಕಾರ್ಯನಿರ್ವಾಹಕ ನಿರ್ದೇಶಕ ವಾಲ್ಟರ್ ಬೈಯರ್ಸ್ ಅವರ ಕಾಲದಲ್ಲಿ "ವಿದ್ಯಾರ್ಥಿ ಕ್ರೀಡಾಪಟು" ಎಂಬ ಜೋಡಿಪದವನ್ನು ನಿಯಮಗಳಲ್ಲಿ ತುಂಬಿದ್ದು ಇಂತಹ ಪರಿಹಾರದ ಬೇಡಿಕೆಗಳನ್ನು ತಡೆಯಲಿಕ್ಕೇ. ಅದೇ ಬೈಯರ್ಸ್ ನಿವೃತ್ತಿಯ ನಂತರ ತಾವು ಕಟ್ಟಿದ ವ್ಯವಸ್ಥೆಯ ವಿರುದ್ಧವೇ ತಿರುಗಿದರು.

ಮುಂದಿನ ತಿರುವು 1984. ಅಲ್ಲಿಯವರೆಗೆ ಯಾರ ಪಂದ್ಯ ಎಷ್ಟು ಸಲ ಟಿವಿಯಲ್ಲಿ ಬರಬೇಕು ಎಂದು ಎನ್‌ಸಿಎಎ ನಿರ್ಧರಿಸುತ್ತಿತ್ತು. ಒಕ್ಲಹೋಮ ವಿಶ್ವವಿದ್ಯಾಲಯದವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 7–2ರಲ್ಲಿ ಆ ಹಿಡಿತವನ್ನು ಮುರಿಯಿತು. ಒಪ್ಪದ ಇಬ್ಬರಲ್ಲಿ ಒಬ್ಬರು ನ್ಯಾಯಮೂರ್ತಿ ಬೈರನ್ ವೈಟ್. ಅವರು ಒಂದು ಕಾಲಕ್ಕೆ ಕೊಲರಾಡೊ ವಿಶ್ವವಿದ್ಯಾಲಯದ ಹೆಸರಾಂತ ಫುಟ್‌ಬಾಲ್ ಆಟಗಾರ! ಪೀಠದಲ್ಲಿ ಚೆಂಡು ಹಿಡಿದು ಓಡಿದ್ದ ಮನುಷ್ಯನೇ ಇದನ್ನು ಬರೀ ವ್ಯಾಪಾರವಾಗಿ ನೋಡಬೇಡಿ ಎಂದದ್ದು. ಕೇಳಿದವರಿಲ್ಲ. ಅಂದಿನಿಂದ ಹಕ್ಕುಗಳ ಬೆಲೆ ಏರುತ್ತಲೇ ಹೋಯಿತು, ಆಟಗಾರನ ಪಾಲು ಮಾತ್ರ ವಿದ್ಯಾರ್ಥಿವೇತನಕ್ಕೇ ನಿಂತಿತು.

2021ರ ಜೂನ್‌ನಲ್ಲಿ ಆಟಗಾರರಿಗೆ ಕೊಡುವುದರ ಮೇಲಿನ ಮಿತಿ ಕುರಿತ ಆಲ್ಸ್ಟನ್ ಪ್ರಕರಣದಲ್ಲಿ ಅದೇ ಕೋರ್ಟ್ 9–0ರಿಂದ ಎನ್‌ಸಿಎಎ ವಿರುದ್ಧ ತೀರ್ಪು ಕೊಟ್ಟಿತು. ಹತ್ತೇ ದಿನಕ್ಕೆ, ಜುಲೈ 1ರಂದು, ಆಟಗಾರರು ತಮ್ಮ ಹೆಸರು ಮತ್ತು ಮುಖವನ್ನು ಜಾಹೀರಾತಿಗೆ ಮಾರಿಕೊಳ್ಳಬಹುದು ಎಂಬ ಎನ್‌ಐಎಲ್ ಕಾಲ ಆರಂಭವಾಯಿತು.

ಹಳೆಯ ಮೇಷ್ಟ್ರು

ಡೆನ್ನಿಸನ್ ವಿಷಯ ನನಗೆ ತಿಳಿದಿರಲಿಲ್ಲ. ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಆದರೆ ವಾದ ಬಿಡುವುದಿಲ್ಲ. ನಿಕೊ ಇಯಾಮಲಿಯವಾ ಟೆನೆಸಿಯ ಕ್ವಾರ್ಟರ್‌ಬ್ಯಾಕ್. 2025ರ ಏಪ್ರಿಲ್‌ನಲ್ಲಿ ಹಣದ ಮಾತುಕತೆ ನಡೆದಿದ್ದಾಗಲೇ ಅಭ್ಯಾಸಕ್ಕೆ ಬರಲಿಲ್ಲ, ತಂಡದಿಂದ ಹೊರಗಾಗಿ ಕ್ಯಾಲಿಫೋರ್ನಿಯಾದ ಯುಸಿಎಲ್‌ಎ ಸೇರಿದ. ಯುಸಿಎಲ್‌ಎಯಲ್ಲಿದ್ದ ಕ್ವಾರ್ಟರ್‌ಬ್ಯಾಕ್ ಟೆನೆಸಿಗೆ ಹೋದ. ಸಂತೆಯಲ್ಲಿ ಎತ್ತು ಬದಲಾಯಿಸಿಕೊಂಡ ಹಾಗಾಯಿತು. ಒಂದು ಸಂಸ್ಥೆ, ಒಬ್ಬ ಗುರು, ಒಂದು ಗೆಳೆಯರ ಬಳಗ ಎಂಬ ನಿಷ್ಠೆ ಎಲ್ಲಿ ಹೋಯಿತು?

ಟೆಕ್ಸಾಸ್ ಬಿಸಿಲು

ಎತ್ತಿಗೆ ಬಾಯಿ ಬಂದಿದೆ ಮೇಷ್ಟ್ರೇ, ಅದಕ್ಕೇ ಕಿರಿಕಿರಿ.

ನಿಷ್ಠೆಯ ಇನ್ನೊಂದು ಮುಖ ನೋಡಿ. ಮ್ಯಾಥ್ಯೂ ಸ್ಲೂಕಾ ಲಾಸ್ ವೇಗಸ್‌ನ ಯುಎನ್‌ಎಲ್‌ವಿ ತಂಡವನ್ನು 2024ರಲ್ಲಿ ಮೊದಲ ಮೂರು ಪಂದ್ಯಗಳಲ್ಲೂ ಗೆಲ್ಲಿಸಿ ಬಿಟ್ಟುಹೋದ. ಬಾಯಿಮಾತಿನಲ್ಲಿ ಒಪ್ಪಿದ್ದ ಒಂದು ಲಕ್ಷ ಡಾಲರ್ ಬರಲಿಲ್ಲ ಎಂಬುದು ಅವನ ಕಡೆಯವರ ದೂರು. ಅಂತಹ ಒಪ್ಪಂದವೇ ಇರಲಿಲ್ಲ ಎಂಬುದು ಎದುರು ಪಕ್ಷದ ಮಾತು. ಜೇಡನ್ ರಶಾದಾ ಎಂಬ ಹುಡುಗನಿಗೆ ಫ್ಲಾರಿಡಾಗೆ ಬಂದರೆ 1.385 ಕೋಟಿ ಡಾಲರ್ ಎಂಬ ಒಪ್ಪಂದ ಸಿದ್ಧವಾಗಿತ್ತು, ಹಣ ಬರಲಿಲ್ಲ, ಅವನು 2024ರಲ್ಲಿ ಆಗಿನ ಕೋಚ್ ಮತ್ತು ಇತರರ ಮೇಲೆ ಮೊಕದ್ದಮೆ ಹೂಡಿದ. ಮಾತು ಕೊಡುವವರು ಐವತ್ತರ ಗಂಡಸರು, ನಂಬುವವರು ಹದಿನೆಂಟರ ಮಕ್ಕಳು.

ಇಷ್ಟು ವರ್ಷ ಶ್ರೀಮಂತ ಅಭಿಮಾನಿಗಳು 'ಕಲೆಕ್ಟಿವ್' ಎಂಬ ಕೂಟ ಕಟ್ಟಿ ಮನಸ್ಸಿಗೆ ಬಂದಷ್ಟು ಸುರಿದರು. ಈಗ ಕಾಲೇಜ್ ಸ್ಪೋರ್ಟ್ಸ್ ಕಮಿಷನ್ ಎಂಬ ಹೊಸ ಸಂಸ್ಥೆ. 600 ಡಾಲರ್ ಅಥವಾ ಅದಕ್ಕಿಂತ ಹೆಚ್ಚಿನ ಪ್ರತಿ ಹೊರಗಿನ ಒಪ್ಪಂದವನ್ನೂ 'ಎನ್‌ಐಎಲ್ ಗೋ' ಎಂಬ ವ್ಯವಸ್ಥೆಗೆ ಒಪ್ಪಿಸಬೇಕು. ಅದನ್ನು ನಡೆಸುವುದು ಡೆಲಾಯ್ಟ್ ಎಂಬ ಲೆಕ್ಕಪರಿಶೋಧನಾ ಕಂಪನಿ. ಇದು ನಿಜವಾದ ಜಾಹೀರಾತೇ, ಬೆಲೆ ಸರಿಯಿದೆಯೇ ಎಂದು ಅವರು ಪರೀಕ್ಷಿಸುತ್ತಾರಂತೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲಿಗೆ ಬೀಗ. ಕೋಚ್‌ನ ಒಪ್ಪಂದದ ಬೆಲೆ ಸರಿಯಿದೆಯೇ ಎಂದು ಪರೀಕ್ಷಿಸುವ ಡೆಲಾಯ್ಟ್ ಯಾವುದು?

ಈಜುಕೊಳದ ಅಮ್ಮ

ಇಷ್ಟು ಹೊತ್ತು ಓದುತ್ತಿದ್ದೆ. ಎಲ್ಲರೂ ಫುಟ್‌ಬಾಲ್ ಹುಡುಗರಿಗೆ ಹೆಚ್ಚೋ ಕಡಿಮೆಯೋ ಎಂದು ಜಗಳವಾಡುತ್ತಿದ್ದೀರಿ. ನನ್ನ ಮಗಳು ಈಜುತ್ತಾಳೆ.

ಈ ಮೊಕದ್ದಮೆಗೆ 'ಹೌಸ್' ಎಂದು ಹೆಸರು ಬಂದದ್ದು ಗ್ರಾಂಟ್ ಹೌಸ್ ಎಂಬ ಅರಿಜೋನಾ ಸ್ಟೇಟ್‌ನ ಈಜುಗಾರನಿಂದ. ಜೊತೆಗೆ ದಾವೆ ಹೂಡಿದವಳು ಸೆಡೋನಾ ಪ್ರಿನ್ಸ್, ಮಹಿಳಾ ಬ್ಯಾಸ್ಕೆಟ್‌ಬಾಲ್ ಆಟಗಾರ್ತಿ. ದೂರು ಕೊಟ್ಟವರು ಒಬ್ಬ ಈಜುಗಾರ, ಒಬ್ಬ ಹುಡುಗಿ. ಹಳೆಯ ಬಾಕಿ ಪರಿಹಾರದಲ್ಲಿ ಸುಮಾರು ಶೇ 90 ಪುರುಷರ ಫುಟ್‌ಬಾಲ್ ಮತ್ತು ಬ್ಯಾಸ್ಕೆಟ್‌ಬಾಲ್ ಆಟಗಾರರಿಗೆ. ಮದುವೆ ಮಾಡಿಸಿದವರಿಗೆ ಎಲೆಯ ತುದಿಯಲ್ಲಿ ಬಡಿಸಿದ ಹಾಗೆ.

ಕಾನೂನು ಇಲ್ಲವೇ? ಇದೆ. 1972ರ 'ಟೈಟಲ್ ನೈನ್' ಪ್ರಕಾರ ಸರ್ಕಾರದ ಹಣ ಪಡೆಯುವ ಶಿಕ್ಷಣ ಸಂಸ್ಥೆ ಹೆಣ್ಣು ಗಂಡೆಂದು ಭೇದ ಮಾಡುವಂತಿಲ್ಲ. ಆದಾಯ ಹಂಚಿಕೆಗೂ ಇದು ಅನ್ವಯಿಸುತ್ತದೆ ಎಂದು ಬೈಡನ್ ಆಡಳಿತ 2025ರ ಜನವರಿಯಲ್ಲಿ, ಹೊರಡುವ ಹೊಸ್ತಿಲಲ್ಲಿ ನಿಂತು ಹೇಳಿತು. ಟ್ರಂಪ್ ಆಡಳಿತ ಫೆಬ್ರುವರಿಯಲ್ಲಿ ಅದನ್ನು ಹಿಂತೆಗೆದುಕೊಂಡಿತು. ರಾಜಿಯನ್ನು ಒಪ್ಪದ ಕೆಲವು ಮಹಿಳಾ ಕ್ರೀಡಾಪಟುಗಳು ಮೇಲ್ಮನವಿ ಸಲ್ಲಿಸಿದರು, ಹಳೆಯ ಬಾಕಿಯ ಪಾವತಿ ಅಲ್ಲಿಗೆ ನಿಂತಿತು.

ನಮ್ಮ ಮನೆಗೆ ತಟ್ಟಿದ್ದು ಬೇರೆ. ರಾಜಿಯೊಂದಿಗೆ ಪ್ರತಿ ತಂಡಕ್ಕೂ ತಲೆಯ ಮಿತಿ ಬಂತು. ವಿದ್ಯಾರ್ಥಿವೇತನವಿಲ್ಲದೆ, ತಂಡದಲ್ಲಿದ್ದರೆ ಸಾಕು ಎಂದು ಈಜುವ ಮಕ್ಕಳು ಮೊದಲು ಉದುರಿದರು. ಇದು ಅನ್ಯಾಯ ಎಂದು ವಿಲ್ಕನ್ ಅವರೇ ಏಪ್ರಿಲ್‌ನಲ್ಲಿ ರಾಜಿಯನ್ನು ತಡೆದು ನಿಲ್ಲಿಸಿದ್ದರು. ಹಾಗಾಗಿ ಈಗಾಗಲೇ ಇದ್ದವರನ್ನು ಮಿತಿಗೆ ಲೆಕ್ಕ ಹಿಡಿಯದೆ ಉಳಿಸಿಕೊಳ್ಳಬಹುದು ಎಂಬ ಷರತ್ತು ಸೇರಿತು. ಗಮನಿಸಿ, ಉಳಿಸಿಕೊಳ್ಳಬಹುದು, ಉಳಿಸಿಕೊಳ್ಳಲೇಬೇಕು ಎಂದಲ್ಲ. ಮಗಳ ಹೆಸರು ಹಾಗೆ ಉಳಿಸಿಕೊಳ್ಳಬಹುದಾದವರ ಪಟ್ಟಿಯಲ್ಲಿತ್ತು. ಎರಡು ತಿಂಗಳು ಫೋನಿಗೆ ಕಾದಳು. ಬೆಳಿಗ್ಗೆ ಐದಕ್ಕೆ ಎದ್ದು ಈಜುಕೊಳಕ್ಕೆ ಹೋಗುವುದನ್ನು ಮಾತ್ರ ಬಿಡಲಿಲ್ಲ.

ಜಮಾಖರ್ಚು

ತಾಯಿ, ನಿಮ್ಮ ಮಾತಿಗೆ ಒಂದು ಲೆಕ್ಕ ಸೇರಿಸುತ್ತೇನೆ. ಆ 280 ಕೋಟಿಯ ದೊಡ್ಡ ಭಾಗವನ್ನು ಎನ್‌ಸಿಎಎ ತನ್ನ ಸದಸ್ಯ ಲೀಗುಗಳಿಗೆ ಪ್ರತಿವರ್ಷ ಹಂಚುವ ಹಣದಲ್ಲಿ ಕಡಿತ ಮಾಡಿ ತುಂಬುತ್ತಿದೆ. ಆ ಲೀಗುಗಳಲ್ಲಿ ಫುಟ್‌ಬಾಲ್ ತಂಡವೇ ಇಲ್ಲದ ಸಣ್ಣ ಕಾಲೇಜುಗಳೂ ಇವೆ. ಅವರು ಪ್ರತಿಭಟಿಸಿದರು, ಪ್ರಯೋಜನವಾಗಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ದೊಡ್ಡವರ ಜೇಬು ತುಂಬಿದೆ ಎಂದೂ ತಿಳಿಯಬೇಡಿ. ಓಹಾಯೊ ಸ್ಟೇಟ್ ಕ್ರೀಡಾ ವಿಭಾಗ 2024ರ ಹಣಕಾಸು ವರ್ಷದಲ್ಲಿ ಸುಮಾರು 25.5 ಕೋಟಿ ಡಾಲರ್ ಗಳಿಸಿ, ಸುಮಾರು 3.8 ಕೋಟಿ ಕೊರತೆ ತೋರಿಸಿತು. ಬಂದಷ್ಟನ್ನೂ ಖರ್ಚು ಮಾಡುವ ಮನೆ ಇದು. ಲಾಭ ಕಟ್ಟಬೇಕಾದ ಪಾಲುದಾರರಿಲ್ಲ, ಹಾಗಾಗಿ ಹಣ ಕೋಚ್‌ಗೆ, ಲಾಕರ್ ಕೋಣೆಗೆ, ವಿಮಾನಕ್ಕೆ ಹೋಗುತ್ತದೆ. ಈಗ ಆಟಗಾರರೂ ಸಾಲಿಗೆ ಬಂದದ್ದರಿಂದ ಟೆನೆಸಿ ವಿಶ್ವವಿದ್ಯಾಲಯ ಟಿಕೆಟ್ ಮೇಲೆ ಶೇ 10 'ಪ್ರತಿಭಾ ಶುಲ್ಕ' ಹಾಕಿತು. ಸಣ್ಣ ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ ಎಲ್ಲ ವಿದ್ಯಾರ್ಥಿಗಳ ಶುಲ್ಕದಲ್ಲೇ ಕ್ರೀಡಾ ವಿಭಾಗದ ಪಾಲು ಅಡಗಿರುತ್ತದೆ. ನಿಮ್ಮ ಮಕ್ಕಳ ಶುಲ್ಕದ ರಸೀದಿಯನ್ನು ಒಮ್ಮೆ ಸಾಲು ಸಾಲಾಗಿ ಓದಿ.

ಒಲೆಂಟ್ಯಾಂಜಿ ತೀರ

ಓದಿದೆ. ಮಗ ಬೇರೆ ರಾಜ್ಯದಲ್ಲಿ ಓದುತ್ತಿದ್ದಾನೆ. ನಾಲ್ಕು ವರ್ಷದಲ್ಲಿ ಒಂದು ಪಂದ್ಯಕ್ಕೂ ಹೋದವನಲ್ಲ. ಪ್ರತಿ ಸೆಮಿಸ್ಟರಿಗೂ ಕ್ರೀಡಾ ಶುಲ್ಕ ಕಟ್ಟಿದ್ದೇವೆ. ಭಾವನಿಗೆ ಇನ್ನೂ ಹೇಳಿಲ್ಲ.

ಐ-ಟ್ವೆಂಟಿ

ನಾನು ಮೈಸೂರಿನಿಂದ ಬಂದು ಇಲ್ಲಿ ಎಂಎಸ್ ಮಾಡುತ್ತಿದ್ದೇನೆ, ಆಟಗಾರನಲ್ಲ. ಆದರೆ ವಿದ್ಯಾರ್ಥಿ ವೀಸಾದ ನೋವು ಗೊತ್ತು. ಎಫ್-1ನಲ್ಲಿರುವ ನಾವು ಪಾಠ ನಡೆಯುವಾಗ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು, ಅನುಮತಿ ಇಲ್ಲದೆ ಹೊರಗೆ ಹೋಗುವಂತಿಲ್ಲ. ಹೊರದೇಶದ ಕ್ರೀಡಾಪಟುಗಳಿಗೂ ಇದೇ ನಿಯಮ. ಫುಟ್‌ಬಾಲ್‌ನಲ್ಲಿ ಚೆಂಡನ್ನು ದೂರಕ್ಕೆ ಒದೆಯುವ ಪಂಟರ್‌ಗಳಲ್ಲಿ ಆಸ್ಟ್ರೇಲಿಯಾದವರು ಬಹಳ. ಪಕ್ಕದ ಲಾಕರ್‌ನ ಹುಡುಗ ಕಾರು ಕಂಪನಿಯ ಜಾಹೀರಾತಿನಲ್ಲಿ ನಗುತ್ತಿದ್ದರೆ ಇವರು ವಕೀಲರ ಬಾಗಿಲಲ್ಲಿ ನಿಂತಿರುತ್ತಾರೆ. ಕೆಂಟುಕಿಯ ಬ್ಯಾಸ್ಕೆಟ್‌ಬಾಲ್ ಆಟಗಾರ, ಕಾಂಗೊ ಮೂಲದ ಆಸ್ಕರ್ ಶೀಬ್ವೆ 2022ರಲ್ಲಿ ತಂಡ ಬಹಾಮಾಸ್‌ಗೆ ಹೋದಾಗ ಅಲ್ಲಿಯೇ ತನ್ನ ಜಾಹೀರಾತಿನ ಕೆಲಸ ಮುಗಿಸಿಕೊಂಡ, ಅಮೆರಿಕದ ನೆಲದ ಮೇಲೆ ದುಡಿದಂತಾಗಬಾರದು ಎಂದು. ಆಟಗಾರರನ್ನು ನೌಕರರೆಂದು ಕರೆದರೆ ನಮ್ಮಂತಹ ವೀಸಾದವರ ಗತಿ ಏನು ಎಂದು ಯಾರಾದರೂ ಯೋಚಿಸಿದ್ದಾರೆಯೇ?

ಕಟಕಟೆ

ಒಳ್ಳೆಯ ಪ್ರಶ್ನೆ. ನೌಕರ ಎಂಬ ಪದವನ್ನು ಎಲ್ಲರೂ ಹಾವಿನಂತೆ ನೋಡುವುದಕ್ಕೆ ವೀಸಾ ಒಂದೇ ಕಾರಣವಲ್ಲ.

ಎನ್‌ಎಫ್‌ಎಲ್‌ನಲ್ಲಿಯೂ ಸಂಬಳಕ್ಕೆ ಮಿತಿ ಇದೆ. ಅಲ್ಲಿ ಆಟಗಾರರಿಗೆ ಸಂಘವಿದೆ, ಆ ಸಂಘ ಮಾಲೀಕರ ಎದುರು ಕುಳಿತು ಚೌಕಾಸಿ ಮಾಡಿ ಒಪ್ಪಿದ ಮಿತಿ ಅದು. ಹಾಗಾಗಿ ಸ್ಪರ್ಧಾ ಕಾನೂನು ಅದನ್ನು ಮುಟ್ಟುವುದಿಲ್ಲ. ಕಾಲೇಜಿನ ಶೇ 22ನ್ನು ಒಪ್ಪಿದವರು ಮೊಕದ್ದಮೆಯ ಎರಡೂ ಕಡೆಯ ವಕೀಲರು. ಮುಂದಿನ ವರ್ಷ ಆಡಲಿರುವ ಹುಡುಗ ಈಗ ಹೈಸ್ಕೂಲಿನಲ್ಲಿದ್ದಾನೆ, ಅವನ ಪಾಲೂ ಅಲ್ಲಿಯೇ ತೀರ್ಮಾನವಾಯಿತು. ಹೆಚ್ಚೋ ಕಡಿಮೆಯೋ ಎಂಬ ನಿಮ್ಮ ಜಗಳ ಎರಡನೆಯದು ಎಂದು ನನಗನ್ನಿಸುವುದು ಇದಕ್ಕೇ. ಅಳೆಯುವ ಸೇರು ಯಾರ ಕೈಯಲ್ಲಿದೆ ಎಂಬುದು ಮೊದಲನೆಯದು.

ಆಟಗಾರರು ಪ್ರಯತ್ನಿಸಲಿಲ್ಲ ಎನ್ನಬೇಡಿ. 2014ರಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಆಟಗಾರರು ಕೇನ್ ಕೋಲ್ಟರ್ ಮುಂದಾಳತ್ವದಲ್ಲಿ ಸಂಘ ಕಟ್ಟಲು ಹೊರಟರು. ಕಾರ್ಮಿಕ ಮಂಡಳಿಯ ಪ್ರಾದೇಶಿಕ ಅಧಿಕಾರಿ ಅವರು ನೌಕರರು ಎಂದರು, ಹುಡುಗರು ಮತ ಹಾಕಿದರು, ಪೆಟ್ಟಿಗೆಗೆ ಮೊಹರು ಬಿತ್ತು. 2015ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಮಂಡಳಿ ಇದು ನಾವು ಕೈಹಾಕುವ ವಿಷಯವಲ್ಲ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟಿತು. ಆ ಮತಗಳನ್ನು ಎಣಿಸಲೇ ಇಲ್ಲ.

ಈಗ ವಿಶ್ವವಿದ್ಯಾಲಯಗಳು ಸಂಸತ್ತಿನ ಬಾಗಿಲು ತಟ್ಟುತ್ತಿವೆ. 2025ರ ಜುಲೈನಲ್ಲಿ ಮಂಡನೆಯಾದ 'ಸ್ಕೋರ್' ಮಸೂದೆಯಲ್ಲಿ ಅವರಿಗೆ ಮೊಕದ್ದಮೆಗಳಿಂದ ರಕ್ಷಣೆ ಇದೆ, ಆಟಗಾರರನ್ನು ನೌಕರರೆಂದು ಪರಿಗಣಿಸಬಾರದು ಎಂಬ ಸಾಲೂ ಇದೆ. ಕಟ್ಟಡ ಎಷ್ಟು ಸಲ ಬಣ್ಣ ಬಳಿಸಿಕೊಂಡರೂ 1957ರ ಅಡಿಪಾಯ ಹಾಗೆಯೇ ಇದೆ.

ಟೆಕ್ಸಾಸ್ ಬಿಸಿಲು

ನಮ್ಮ ಕಡೆಯ ತೈಲ ಕುಬೇರ, ಟೆಕ್ಸಾಸ್ ಟೆಕ್‌ನ ಕೋಡಿ ಕ್ಯಾಂಪ್‌ಬೆಲ್ ಬೇರೆ ದಾರಿ ಹೇಳುತ್ತಾರೆ. ವೃತ್ತಿಪರ ಲೀಗುಗಳು ಪ್ರಸಾರ ಹಕ್ಕುಗಳನ್ನು ಒಟ್ಟಾಗಿ ಮಾರಲು 1961ರ ಕಾನೂನು ಬಿಡುತ್ತದೆ, ಕಾಲೇಜುಗಳಿಗೆ ಆ ಅವಕಾಶವಿಲ್ಲ. ಅದನ್ನು ತಿದ್ದಿ ಎಲ್ಲ ಕಾಲೇಜುಗಳೂ ಒಟ್ಟಿಗೆ ಮಾರಿದರೆ ಎಲ್ಲರಿಗೂ ಸಾಕಾಗುವಷ್ಟು ಬರುತ್ತದೆ ಎಂದು ಟಿವಿಯಲ್ಲಿ ಸ್ವಂತ ಖರ್ಚಿನಲ್ಲಿ ಜಾಹೀರಾತು ಹಾಕಿಸಿದರು. ಆಟಗಾರರಿಗೆ ಹಣ ಸುರಿದವರಲ್ಲಿ ಮುಂಚೂಣಿಯಲ್ಲಿರುವವರೂ ಇವರೇ, ಹಾಗಾಗಿ ನಾನು ಅರ್ಧ ನಂಬುತ್ತೇನೆ. ಆದರೂ ಆ ಅರ್ಧದಲ್ಲಿ ಹುರುಳಿದೆ. ಬಿಡಿಬಿಡಿಯಾಗಿ ಮಾರಿದ್ದರ ಫಲ ನೋಡಿ: ಶತಮಾನದ ಇತಿಹಾಸದ ಪಶ್ಚಿಮ ತೀರದ ಲೀಗ್ ಪ್ಯಾಕ್-12 ಎರಡೇ ವರ್ಷದಲ್ಲಿ ಚದುರಿ, ಒರೆಗನ್ ಸ್ಟೇಟ್ ಮತ್ತು ವಾಷಿಂಗ್ಟನ್ ಸ್ಟೇಟ್ ಎರಡೇ ಉಳಿದವು. ಪೆಸಿಫಿಕ್ ತೀರದ ಸ್ಟ್ಯಾನ್‌ಫರ್ಡ್ ಹೋಗಿ ಅಟ್ಲಾಂಟಿಕ್ ಹೆಸರಿನ ಲೀಗಿಗೆ ಸೇರಿತು.

ಈಜುಕೊಳದ ಅಮ್ಮ

ಫುಟ್‌ಬಾಲ್ ತಂಡ ಹೆಚ್ಚೆಂದರೆ ವಾರಕ್ಕೊಮ್ಮೆ ವಿಮಾನದಲ್ಲಿ ಹಾರುತ್ತದೆ. ವಾಲಿಬಾಲ್ ಆಡುವ ಹುಡುಗಿಯರು ಬುಧವಾರ ರಾತ್ರಿ ದೇಶದ ಆ ತುದಿಯಿಂದ ಹಿಂದಿರುಗಿ ಗುರುವಾರ ಬೆಳಿಗ್ಗೆ ರಸಾಯನಶಾಸ್ತ್ರದ ಪರೀಕ್ಷೆ ಬರೆಯುತ್ತಾರೆ. ಮೇಷ್ಟ್ರೇ, ನೀವು ಹುಡುಕುತ್ತಿರುವ ವಿದ್ಯಾರ್ಥಿಗಳು ಅಲ್ಲಿದ್ದಾರೆ.

ಹಳೆಯ ಮೇಷ್ಟ್ರು

ಒಪ್ಪಿದೆ ತಾಯಿ. ಹಣ ಕೊಡಬಾರದು ಎಂಬ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ, ಕಟಕಟೆಯವರ ಎದುರು ಅದು ನಿಲ್ಲುವುದಿಲ್ಲ. ಆದರೆ ಕ್ವಾರ್ಟರ್‌ಬ್ಯಾಕ್‌ಗೆ ಹತ್ತು ಲಕ್ಷ ಕೊಡುವ ಮನೆಯಲ್ಲಿ ಈಜುವ ಮಗುವಿಗೆ ಒಂದು ಲೇನ್ ಇಲ್ಲ ಎಂದರೆ ಅದಕ್ಕೆ ಕಾಲೇಜು ಎಂಬ ಹೆಸರು ಏಕೆ ಎಂದು ಕೇಳುವುದನ್ನು ಬಿಡುವುದಿಲ್ಲ. ಮಗಳಿಗೆ ಕೊನೆಗೆ ಫೋನ್ ಬಂತೇ?

ಈಜುಕೊಳದ ಅಮ್ಮ

ಬಂತು. ಈ ಒಂದು ವರ್ಷಕ್ಕೆ ತಂಡದಲ್ಲಿರಬಹುದಂತೆ. ಮುಂದಿನ ವರ್ಷದ ಮಾತು ಮುಂದಿನ ವರ್ಷಕ್ಕೆ. ಶನಿವಾರ ಸ್ಪರ್ಧೆಯಿದೆ, ಅದೇ ಹೊತ್ತಿಗೆ ಫುಟ್‌ಬಾಲ್ ಪಂದ್ಯವೂ ಇದೆ.

ಹಳೆಯ ಮೇಷ್ಟ್ರು

ನೀವಿರುವ ಊರು ನಮ್ಮಿಂದ ಎರಡು ಗಂಟೆಯ ದಾರಿ ಎಂದು ಹಿಂದೊಮ್ಮೆ ಬರೆದಿದ್ದಿರಿ. ಈಜಿಗೆ ಟಿಕೆಟ್ ಎಷ್ಟು?

ಈಜುಕೊಳದ ಅಮ್ಮ

ಟಿಕೆಟ್ ಇಲ್ಲ ಮೇಷ್ಟ್ರೇ, ಪುಕ್ಕಟೆ. ಕಾರು ಮಾತ್ರ ದೂರ ನಿಲ್ಲಿಸಿ, ಹತ್ತಿರದ ಜಾಗವನ್ನೆಲ್ಲ ಫುಟ್‌ಬಾಲ್‌ನವರು ಹಿಡಿದಿರುತ್ತಾರೆ. ಮೊದಲ ಸಾಲಿನಲ್ಲಿ ಕೂರಬೇಡಿ, ನೀರು ಸಿಡಿಯುತ್ತದೆ.